ಆ ಧೂಳಲ್ಲಿ ಓಡಾಡಿದವರೆಲ್ಲ ಏನಾದ್ರು?

ಹೆಪ್ಪು ಹಾಕೋಕೆ ಒಂದು ಚಮಚ ಮೊಸರು ಕೇಳಿಕೊಂಡು ಬಂದಿದ್ದ ಎದುರು ಮನೆ ಆಂಟಿ ಟಿವಿ ಮುಂದೆ ಹಾಗೇ ನಿಂತುಬಿಟ್ಟರು. ಅವತ್ತು ಸೆಪ್ಟೆಂಬರ್ 11. ಪ್ರತಿ ವರ್ಷ ತೋರಿಸುವ ಅದೇ ದೃಶ್ಯ. ನ್ಯೂಯಾರ್ಕಿನ ಅವಳಿ ಗೋಪುರ ಕುಸಿಯುವುದು, ಬೀದಿ ತುಂಬಾ ಬೂದು ಬಣ್ಣದ ಧೂಳು ಉಕ್ಕಿ ಬರುವುದು, ಮೈಯೆಲ್ಲ ಹಿಟ್ಟು ಮೆತ್ತಿಕೊಂಡವರಂತೆ ಜನ ಓಡುವುದು. ಅವರಿಗೆ ಎದುರಾಗಿ, ಆ ಧೂಳಿನೊಳಕ್ಕೇ ಓಡುತ್ತಿದ್ದ ಬೆಂಕಿ ಆರಿಸುವವರು.

"ಸತ್ತವರ ಲೆಕ್ಕ ಎಲ್ಲರೂ ಹೇಳ್ತಾರೆ. ಆ ಧೂಳಲ್ಲಿ ಓಡಾಡಿದವರೆಲ್ಲ ಈಗ ಏನಾದ್ರು?" ಅಂದರು ಆಂಟಿ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಂಟಿ ಮೊಸರಿನ ಬಟ್ಟಲು ಕೈಯಲ್ಲೇ ಹಿಡಿದುಕೊಂಡು ದನಿ ತಗ್ಗಿಸಿದರು. "ನಮ್ಮನೆಯವ್ರು ಈಚೀಚೆಗೆ ತುಂಬಾ ಮರೀತಾರೆ ಕಣಮ್ಮ. ಮೊನ್ನೆ ಗ್ಯಾಸ್ ಬುಕ್ ಮಾಡಿ ಅಂದ್ರೆ ಮೂರು ಸಲ ಮಾಡಿದ್ದಾರೆ. ವಾಕಿಂಗ್ ಹೋದವರು ನಾಲ್ಕನೇ ಕ್ರಾಸ್‌ನಲ್ಲಿ ನಿಂತ್ಕೊಂಡು, ಮನೆ ಯಾವ ಕಡೆ ಅಂತ ಪೇಪರ್ ಹುಡುಗನ್ನ ಕೇಳಿದ್ರಂತೆ. ನನಗೆ ಆ ಹುಡುಗ ಬಂದು ಹೇಳಿದ."

ಅಂಕಲ್‌ಗೆ ಈಗ 66. ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ನಿವೃತ್ತರಾದವರು. ಬಣ್ಣದ ಗೋಡೌನು, ಫೋಮ್ ಹಾಸಿಗೆ ಕಾರ್ಖಾನೆ, ಟೈರ್ ಅಂಗಡಿ... ಎಷ್ಟು ಬೆಂಕಿ ನೋಡಿದ್ದಾರೋ. ಆಂಟಿ ಪ್ರಶ್ನೆ ನ್ಯೂಯಾರ್ಕಿನ ಬಗ್ಗೆ ಅಲ್ಲವೇ ಅಲ್ಲ ಅಂತ ನನಗೆ ಆಗ ಗೊತ್ತಾಯಿತು. ಆದರೂ ಉತ್ತರ ಹುಡುಕಲು ಹೊರಟರೆ ಸಿಗುವುದು ಅಲ್ಲೇ. ಯಾಕೆಂದರೆ ದುರಂತದ ಜಾಗಕ್ಕೆ ರಕ್ಷಣೆಗೆ ಹೋದವರನ್ನು ವರ್ಷಗಟ್ಟಲೆ ಬಿಡದೆ ಪರೀಕ್ಷೆ ಮಾಡಿ, ಅವರ ಮೆದುಳಿಗೆ ಏನಾಯಿತು ಅಂತ ಇಷ್ಟು ವಿವರವಾಗಿ ಬರೆದಿಟ್ಟಿರುವುದು ಬೇರೆ ಕಡೆ ಅಪರೂಪ.

ಗಾಳಿ ಚೆನ್ನಾಗಿದೆ ಅಂದರು!

ಮೊದಲು ಆ ದಿನದ ಕಥೆ ಒಂದಿಷ್ಟು. 2001ರ ಸೆಪ್ಟೆಂಬರ್ 11, ಮಂಗಳವಾರ ಬೆಳಿಗ್ಗೆ. 110 ಮಹಡಿಯ ಎರಡು ಗೋಪುರಗಳು ಎರಡು ಗಂಟೆಯೊಳಗೆ ನೆಲಕ್ಕೆ ಬಂದವು. ನ್ಯೂಯಾರ್ಕ್ ನಗರದಲ್ಲೇ 2,753 ಜನ ಸತ್ತರು. ಅದರಲ್ಲಿ 343 ಮಂದಿ ಆ ನಗರದ ಅಗ್ನಿಶಾಮಕ ದಳದವರು.

ಕಟ್ಟಡ ಬಿದ್ದ ಮೇಲೆ ಉಳಿದದ್ದು ಸುಮಾರು 18 ಲಕ್ಷ ಟನ್ ಅವಶೇಷ. ಅದನ್ನು ಅಲ್ಲಿಯವರು ರಾಶಿ ಅಂತಲೇ ಕರೆದರು. ಆ ರಾಶಿಯ ಹೊಟ್ಟೆಯೊಳಗೆ ಬೆಂಕಿ ಡಿಸೆಂಬರ್‌ವರೆಗೂ ಹೊಗೆಯಾಡುತ್ತಲೇ ಇತ್ತು. ಪೊಲೀಸರು, ಬೆಂಕಿ ಆರಿಸುವವರು, ಕಬ್ಬಿಣ ಕತ್ತರಿಸುವವರು, ಕ್ರೇನ್ ನಡೆಸುವವರು, ನರ್ಸುಗಳು, ಎಲ್ಲಿಂದಲೋ ಬಸ್ಸು ಹತ್ತಿ ಬಂದ ಸ್ವಯಂಸೇವಕರು, ಹೀಗೆ ಹತ್ತಾರು ಸಾವಿರ ಜನ ಅಲ್ಲಿ ಕೆಲಸ ಮಾಡಿದರು. 2002ರ ಮೇ ತಿಂಗಳ ಕೊನೆಗೆ ಜಾಗ ಖಾಲಿಯಾಯಿತು. ಮೊದಲು ಜೀವಂತ ಇರುವವರಿಗಾಗಿ ಹುಡುಕಿದರು. ಆಮೇಲೆ ಮನೆಯವರಿಗೆ ಒಪ್ಪಿಸಲು ಏನಾದರೂ ಸಿಕ್ಕೀತೇ ಅಂತ ಹುಡುಕಿದರು.

ಆ ಧೂಳಲ್ಲಿ ಏನಿತ್ತು? ಒಂದು ದೊಡ್ಡ ಆಫೀಸಿನಲ್ಲಿ ಏನೇನಿರುತ್ತದೋ ಅದೆಲ್ಲದರ ಪುಡಿ ಅನ್ನಿ. ಸಿಮೆಂಟು, ಜಿಪ್ಸಮ್, ಗಾಜಿನ ನಾರು, ಕಲ್ನಾರು ಅಂದರೆ ಆಸ್ಬೆಸ್ಟಾಸ್, ಸೀಸ. ಸಾವಿರಾರು ಕಂಪ್ಯೂಟರು, ಕಾರ್ಪೆಟ್ಟು, ಪ್ಲಾಸ್ಟಿಕ್ ಕುರ್ಚಿ ಸುಟ್ಟಾಗ ಏಳುವ ಡಯಾಕ್ಸಿನ್‌ನಂಥ ವಿಷ. ಜೊತೆಗೆ ವಿಮಾನದ ಇಂಧನ ಉರಿದ ಮಸಿ. ಸಿಮೆಂಟಿನಿಂದಾಗಿ ಅದಕ್ಕೆ ಕ್ಷಾರದ ಗುಣ ಬೇರೆ. ವೀಳ್ಯದೆಲೆಗೆ ಸುಣ್ಣ ಜಾಸ್ತಿಯಾದರೆ ಬಾಯಿ ಹೇಗಾಗುತ್ತೆ? ಗಂಟಲು, ಶ್ವಾಸನಾಳದ ಒಳಗೆಲ್ಲ ಹಾಗಾದರೆ ಹೇಗಿರಬೇಕು ಯೋಚಿಸಿ. ಕೆಮ್ಮು ಎಷ್ಟು ಸಾಮಾನ್ಯವಾಯಿತೆಂದರೆ ಅದಕ್ಕೆ ವರ್ಲ್ಡ್ ಟ್ರೇಡ್ ಸೆಂಟರ್ ಕೆಮ್ಮು ಅಂತಲೇ ಹೆಸರು ಬಿತ್ತು.

ಇಷ್ಟೆಲ್ಲ ಇದ್ದರೂ ಘಟನೆ ನಡೆದು ಒಂದು ವಾರಕ್ಕೆ, ಸೆಪ್ಟೆಂಬರ್ 18ರಂದು, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥೆ ಕ್ರಿಸ್ಟೀನ್ ಟಾಡ್ ವಿಟ್‌ಮನ್, ನಗರದ ಗಾಳಿ ಉಸಿರಾಡಲು ಸುರಕ್ಷಿತ ಅಂತ ಹೇಳಿಕೆ ಕೊಟ್ಟುಬಿಟ್ಟರು. ಹಾಗೆ ಹೇಳುವಷ್ಟು ಮಾಹಿತಿಯೇ ಆಗ ಅವರ ಬಳಿ ಇರಲಿಲ್ಲ ಅಂತ ಅದೇ ಸಂಸ್ಥೆಯ ಆಂತರಿಕ ತಪಾಸಣಾ ವರದಿ 2003ರಲ್ಲಿ ಹೇಳಿತು. 2016ರಲ್ಲಿ, 15 ವರ್ಷ ಆದಮೇಲೆ, ಆಕೆ ಕ್ಷಮೆ ಕೇಳಿದರು. ಅಷ್ಟರಲ್ಲಿ ಆ ಗಾಳಿ ಯಾರ್ಯಾರ ಒಳಗೆ ಹೋಗಬೇಕೋ ಹೋಗಿ ಆಗಿತ್ತು.

ಮೂಗಿನಿಂದ ಮೆದುಳಿಗೆ

ಶ್ವಾಸಕೋಶದ ತೊಂದರೆ, ಆಸ್ತಮಾ, ಕ್ಯಾನ್ಸರ್... ಇವೆಲ್ಲ ಬರಬಹುದು ಅಂತ ಡಾಕ್ಟರುಗಳು ಮೊದಲೇ ಊಹಿಸಿದ್ದರು. ಮರೆವು ಯಾರ ಲೆಕ್ಕದಲ್ಲೂ ಇರಲಿಲ್ಲ. ಧೂಳಿಗೂ ನೆನಪಿಗೂ ಎತ್ತಣಿಂದೆತ್ತ ಸಂಬಂಧ ಅಂತ ನಮಗೂ ಅನಿಸುತ್ತೆ, ಅಲ್ವಾ?

ಸಂಬಂಧ ಇದೆ. ಸಾಸಿವೆ ಒಗ್ಗರಣೆ ಹಾಕಿದ ಕೂಡಲೇ ಪಕ್ಕದ ರೂಮಿನಲ್ಲಿರುವವರಿಗೆ ಗೊತ್ತಾಗುವುದು ಹೇಗೆ? ಮೂಗಿನ ಮೇಲ್ಭಾಗದಲ್ಲಿರುವ ವಾಸನೆಯ ನರ ನೇರವಾಗಿ ಮೆದುಳಿಗೆ ಹೋಗುತ್ತದೆ. ಬಹಳ ಬಹಳ ಸಣ್ಣ ಕಣಗಳು ಅದೇ ದಾರಿ ಹಿಡಿಯಬಲ್ಲವು. ಇನ್ನೊಂದು ದಾರಿ ಶ್ವಾಸಕೋಶದ್ದು. ನಮ್ಮ ಕೂದಲಿನ ದಪ್ಪದ ಇಪ್ಪತ್ತು ಮೂವತ್ತನೇ ಒಂದು ಭಾಗದಷ್ಟಿರುವ ಪಿಎಂ 2.5 ಅನ್ನುವ ಕಣ ಶ್ವಾಸಕೋಶದ ತುದಿಯವರೆಗೂ ಇಳಿಯುತ್ತದೆ. ಅದಕ್ಕಿಂತಲೂ ಚಿಕ್ಕವು ರಕ್ತಕ್ಕೇ ಸೇರುತ್ತವೆ. ಇದು ಬರೀ ಊಹೆ ಅಲ್ಲ. ಮೆಕ್ಸಿಕೋ ಸಿಟಿ ಮತ್ತು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ತೀರಿಕೊಂಡ 37 ಜನರ ಮೆದುಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಹೊಗೆಯಿಂದ ಬಂದಂತಿರುವ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಕಣಗಳನ್ನು ಅಲ್ಲಿ ಕಂಡಿದ್ದಾಗಿ 2016ರಲ್ಲಿ ಪ್ರಕಟಿಸಿದ್ದಾರೆ.

ಒಳಗೆ ಹೋದ ಕಣವನ್ನು ಮೆದುಳು ಸುಮ್ಮನೆ ಬಿಡುವುದಿಲ್ಲ. ಅಲ್ಲಿ ಕಾವಲು ಕಾಯುವ ಜೀವಕೋಶಗಳಿವೆ. ಅವು ಎದ್ದು ಜಗಳಕ್ಕೆ ನಿಲ್ಲುತ್ತವೆ. ಹೊರಗಿನ ಗಾಯ ಕೆಂಪಗೆ ಊದಿಕೊಳ್ಳುವ ಹಾಗೆ ಒಳಗೂ ಒಂದು ಉರಿಯೂತ. ನಾಲ್ಕು ದಿನದಲ್ಲಿ ಅದು ಆರಿದರೆ ಸರಿ. ವರ್ಷಗಟ್ಟಲೆ ಬೂದಿ ಮುಚ್ಚಿದ ಕೆಂಡದಂತೆ ಉಳಿದರೆ ಅಕ್ಕಪಕ್ಕದ ಒಳ್ಳೆಯ ನರಕೋಶಗಳೂ ಹಾಳಾಗುತ್ತವೆ ಅನ್ನುವುದು ತಜ್ಞರ ಲೆಕ್ಕಾಚಾರ.

ಗಡಿಯಾರದ ಚಿತ್ರ ಬರೆಯಿರಿ

ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನಲ್ಲಿ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯ ಇದೆ. ರಕ್ಷಣೆಗೆ ಹೋದವರಲ್ಲಿ ಸಾವಿರಾರು ಮಂದಿ ತಪಾಸಣೆಗೆ ಹೋಗುವುದು ಅಲ್ಲಿಗೇ. ಡಾ. ಬೆಂಜಮಿನ್ ಲುಫ್ಟ್ ಅಲ್ಲಿನ ಈ ಕಾರ್ಯಕ್ರಮದ ಮುಖ್ಯಸ್ಥರು. ಶಾನ್ ಕ್ಲೌಸ್ಟನ್ ಅನ್ನುವವರು ಸಂಶೋಧಕರು. ಉಸಿರಾಟದ ಪರೀಕ್ಷೆಯ ಜೊತೆಗೆ ನೆನಪಿನ ಪರೀಕ್ಷೆಯನ್ನೂ ಅಲ್ಲಿ ಶುರು ಮಾಡಿದರು.

ಈ ಪರೀಕ್ಷೆ ನೋಡಿದರೆ ಮಕ್ಕಳ ಆಟದಂತೆ ಕಾಣುತ್ತದೆ. ಐದು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳುತ್ತಾರೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅನ್ನುತ್ತಾರೆ. ಒಂದು ಗಡಿಯಾರದ ಚಿತ್ರ ಬರೆದು, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ಇಡಿ ಅನ್ನುತ್ತಾರೆ. ಒಟ್ಟು 30 ಅಂಕ. ಆದರೆ ಮೆದುಳು ತಪ್ಪಿದವರಿಗೆ ಆ ಮುಳ್ಳು ಇಡುವುದೇ ಬೆಟ್ಟ ಹತ್ತಿದ ಹಾಗೆ.

2016ರಲ್ಲಿ ಪ್ರಕಟವಾದ ಮೊದಲ ಲೆಕ್ಕ ಹೀಗಿತ್ತು: ಪರೀಕ್ಷೆ ಮಾಡಿದ 818 ಜನರಲ್ಲಿ ಶೇ. 12.8ರಷ್ಟು ಮಂದಿಗೆ ಗ್ರಹಿಕೆ ಅಥವಾ ನೆನಪಿನ ಶಕ್ತಿ ಕುಂದಿತ್ತು. ಇವರು ಎಂಬತ್ತರ ಮುದುಕರಲ್ಲ. ಹೆಚ್ಚಿನವರು ಐವತ್ತರ ಆಸುಪಾಸಿನವರು. ಮಕ್ಕಳ ಕಾಲೇಜು ಫೀಸು, ಮನೆ ಸಾಲದ ಕಂತು ಅಂತ ಓಡಾಡುವ ವಯಸ್ಸು. ಆಮೇಲೆ ನೆನಪು ಕುಂದಿದ ಕೆಲವರ ಮೆದುಳನ್ನು ಎಂಆರ್‌ಐ ಮಾಡಿ ನೋಡಿದಾಗ, ಮೆದುಳಿನ ಹೊರಪದರ ತೆಳುವಾಗಿರುವುದೂ ಕಂಡಿತು.

ದೊಡ್ಡ ಲೆಕ್ಕ ಬಂದದ್ದು 2024ರಲ್ಲಿ. 2014ರ ನವೆಂಬರ್‌ನಿಂದ 2023ರ ಆರಂಭದವರೆಗೆ 5,010 ಜನರನ್ನು ಗಮನಿಸುತ್ತಾ ಬಂದಿದ್ದರು. ಶುರುವಿನಲ್ಲಿ ಎಲ್ಲರೂ 60ರ ಒಳಗಿನವರು, ಯಾರಿಗೂ ಡಿಮೆನ್ಷಿಯಾ ಅಂದರೆ ಮರೆವಿನ ಕಾಯಿಲೆ ಇರಲಿಲ್ಲ. ಆ ಅವಧಿಯಲ್ಲಿ 228 ಮಂದಿಗೆ 65 ತುಂಬುವ ಮುಂಚೆಯೇ ಅದು ಬಂತು. ಆ ವಯಸ್ಸಿಗೆ ಮುಂಚೆ ಈ ಕಾಯಿಲೆ ಬರುವುದು ಸಾಮಾನ್ಯವಾಗಿ ಅಪರೂಪ.

ನನ್ನನ್ನು ನಿಲ್ಲಿಸಿದ್ದು ಮಾತ್ರ ಇನ್ನೊಂದು ಅಂಕಿ. ಎಷ್ಟು ದಿನ ಇದ್ದಿರಿ, ರಾಶಿ ಅಗೆದಿರಾ, ಧೂಳಿನ ಮೋಡ ಎದ್ದಾಗ ಅಲ್ಲಿದ್ದಿರಾ, ಮಾಸ್ಕ್ ಅಥವಾ ರಕ್ಷಣೆಯ ಉಡುಪು ಹಾಕಿದ್ದಿರಾ ಅಂತೆಲ್ಲ ಕೇಳಿ, ಧೂಳು ತಿಂದ ಪ್ರಮಾಣಕ್ಕೆ ತಕ್ಕ ಹಾಗೆ ಅವರನ್ನು ಗುಂಪು ಮಾಡಿದ್ದರು. ರಕ್ಷಣೆ ಇದ್ದು, ಅತಿ ಕಡಿಮೆ ಧೂಳು ತಾಗಿದವರಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 3 ಮಂದಿಗೆ ಕಾಯಿಲೆ ಬಂದರೆ, ಅತಿ ಹೆಚ್ಚು ಧೂಳು ಕುಡಿದವರಲ್ಲಿ 42 ಮಂದಿಗೆ ಬಂದಿತ್ತು. ನಡುವಿನ ಗುಂಪುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಕೆ.

ಹಾಗಂತ ಧೂಳೇ ಕಾರಣ ಅಂತ ಕೋರ್ಟಿನಲ್ಲಿ ಸಾಬೀತಾದ ಹಾಗೇನಲ್ಲ. ಜನರ ಬದುಕನ್ನು ದೂರದಿಂದ ಗಮನಿಸಿ ಬರೆದ ಲೆಕ್ಕ ಇದು. ಕೆಲವರು ತಾವು ಮಾಡಿದ ಕೆಲಸವನ್ನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆದರೆ ಧೂಳು ಹೆಚ್ಚಾದಂತೆ ಕಾಯಿಲೆಯೂ ಹೆಚ್ಚಾಗುತ್ತಾ ಹೋಗುವುದನ್ನು ಕಾಕತಾಳೀಯ ಅಂತ ತಳ್ಳಿಹಾಕುವುದು ಕಷ್ಟ.

ಆ ಮಾಸ್ಕ್ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ಮೊದಲ ದಿನಗಳಲ್ಲಿ ಎಷ್ಟೋ ಜನರ ಹತ್ತಿರ ಇದ್ದದ್ದು ತೆಳು ಕಾಗದದ ಮಾಸ್ಕ್, ಇಲ್ಲವೇ ಬರೀ ಕರ್ಚೀಫು. ಒಳ್ಳೆಯ ಮಾಸ್ಕ್ ಬಂದ ಮೇಲೂ, ಬಿಸಿಗೆ ಬೆವರುತ್ತದೆ, ಕೂಗಿದರೆ ಪಕ್ಕದವನಿಗೆ ಕೇಳಿಸುವುದಿಲ್ಲ ಅಂತ ಕುತ್ತಿಗೆಗೆ ಇಳಿಸಿಕೊಂಡರು. ಕೋವಿಡ್ ಕಾಲದಲ್ಲಿ ನಮ್ಮವರು ಗಲ್ಲಕ್ಕೆ ಇಳಿಸಿಕೊಳ್ಳುತ್ತಿದ್ದರಲ್ಲ, ಥೇಟ್ ಹಾಗೇ.

ಮನೆಗೂ ಬಂದ ಧೂಳು

ಅವತ್ತಿನ ಗಂಡಸರು ಷಿಫ್ಟ್ ಮುಗಿಸಿ ಅದೇ ಬೂಟು, ಅದೇ ಬಟ್ಟೆಯಲ್ಲಿ ಕಾರು ಹತ್ತಿ ಮನೆಗೆ ಬರುತ್ತಿದ್ದರು. ಬಾಗಿಲಲ್ಲಿ ಕೊಡವಿದ ಧೂಳು ಯಾರ ಪೊರಕೆಗೆ ಸಿಕ್ಕಿರುತ್ತದೆ ಹೇಳಿ? ಸುತ್ತಮುತ್ತಲಿನ ಫ್ಲಾಟು, ಆಫೀಸುಗಳನ್ನು ಬಕೆಟ್ಟು ಬಟ್ಟೆ ಹಿಡಿದು ತೊಳೆದವರಲ್ಲಿ ಹೊರದೇಶಗಳಿಂದ ಹೊಟ್ಟೆಪಾಡಿಗೆ ಬಂದ ಹೆಂಗಸರು ಬಹಳ ಮಂದಿ. ಫೋಟೋಗಳಲ್ಲಿ ಅವರು ಕಾಣುವುದು ಕಡಿಮೆ.

ಈ ಜನರ ಚಿಕಿತ್ಸೆಗೆಂದೇ ಒಂದು ಕಾನೂನು ಬರಲು ಹತ್ತು ವರ್ಷ ಬೇಕಾಯಿತು. ಆ ಜಾಗದಲ್ಲಿ ದುಡಿದು, 2006ರಲ್ಲಿ 34ನೇ ವಯಸ್ಸಿಗೇ ತೀರಿಕೊಂಡ ಪೊಲೀಸ್ ಪತ್ತೇದಾರ ಜೇಮ್ಸ್ ಝಡ್ರೋಗ ಅವರ ಹೆಸರಿನ ಕಾನೂನಿಗೆ 2011ರ ಜನವರಿಯಲ್ಲಿ ಅಧ್ಯಕ್ಷ ಒಬಾಮಾ ಸಹಿ ಹಾಕಿದರು. 2015ರಲ್ಲಿ ಅದನ್ನು 2090ರವರೆಗೆ ವಿಸ್ತರಿಸಿದರು. ಹೆಸರು ನೋಂದಾಯಿಸಿಕೊಂಡವರು 1.3 ಲಕ್ಷ ದಾಟಿದ್ದಾರೆ. ಮೊದಲ ಪಟ್ಟಿಯಲ್ಲಿ ಉಸಿರಾಟ, ಜೀರ್ಣಾಂಗ, ಮನಸ್ಸು, ಮೂಳೆ ಮಾಂಸಖಂಡದ ತೊಂದರೆಗಳಿದ್ದವು. ಕ್ಯಾನ್ಸರ್ ಸೇರಿದ್ದು 2012ರಲ್ಲಿ. ಗರ್ಭಕೋಶದ ಕ್ಯಾನ್ಸರ್ ಸೇರಿದ್ದು ಯಾವಾಗ ಗೊತ್ತಾ? 2023ರಲ್ಲಿ! ಅಧ್ಯಯನಗಳಲ್ಲಿ ಹೆಂಗಸರ ಸಂಖ್ಯೆ ಕಡಿಮೆ, ಆದ್ದರಿಂದ ಸಾಕ್ಷ್ಯ ಕಡಿಮೆ, ಆದ್ದರಿಂದ ಪಟ್ಟಿಯಲ್ಲಿ ಜಾಗ ಇಲ್ಲ. ಎಲ್ಲ ದೇಶದಲ್ಲೂ ನಮ್ಮ ಸರದಿ ಕೊನೆಗೇ ಬರುವುದು ನೋಡಿ. ಅದೇ 2023ರ ಸೆಪ್ಟೆಂಬರ್ ಹೊತ್ತಿಗೆ, ಆಮೇಲೆ ಕಾಯಿಲೆಯಿಂದ ಸತ್ತ ಅಗ್ನಿಶಾಮಕ ಸಿಬ್ಬಂದಿಯ ಸಂಖ್ಯೆಯೂ 343 ಆಯಿತು. ಅವತ್ತು ಒಂದೇ ದಿನ ಸತ್ತಷ್ಟೇ ಜನ.

ಮೆದುಳಿನ ವಿಷಯದಲ್ಲಿ ಇನ್ನೂ ಒಂದು ಎಳೆ ಇದೆ. ಆ ರಾಶಿಯಲ್ಲಿ ಕೈಗೆ ಸಿಕ್ಕಿದ್ದನ್ನು ನೋಡಿದವರು ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು? ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಸುಮ್ಮಸುಮ್ಮನೆ ರೇಗುವುದು, ಯಾರ ಜೊತೆಗೂ ಬೆರೆಯದಿರುವುದು. ಆಘಾತದ ನಂತರ ಬರುವ ಈ ಮನೋವ್ಯಾಧಿಗೆ ಪಿಟಿಎಸ್‌ಡಿ ಅನ್ನುತ್ತಾರೆ. ಇದು ಇದ್ದವರಲ್ಲಿ ನೆನಪು ಕುಂದುವುದು ಹೆಚ್ಚು ಅಂತ ಸ್ಟೋನಿ ಬ್ರೂಕ್‌ನವರು 2016ರಲ್ಲೇ ಗುರುತಿಸಿದ್ದರು. ಧೂಳು ಒಂದು ಕಡೆಯಿಂದ, ಕಂಡದ್ದನ್ನು ಮರೆಯಲಾಗದ ಮನಸ್ಸು ಇನ್ನೊಂದು ಕಡೆಯಿಂದ.

ಅಂಕಲ್ ಕೂಡ ರಾತ್ರಿ ಎದ್ದು ಕೂರುತ್ತಾರಂತೆ. "ಒಂದು ಸಲ ಒಂದು ಮಗುವನ್ನ ಹೊರಗೆ ತಂದಿದ್ರು. ಆವತ್ತಿಂದ ಊಟಕ್ಕೆ ಕೂತ್ರೆ ಕೈ ಎಷ್ಟು ಸಲ ತೊಳ್ಕೊಂಡ್ರೂ ಸಾಲದು ಅನ್ನೋರು. ಕೇಳಿದ್ರೆ ಏನೂ ಇಲ್ಲ ಬಿಡೇ ಅಂತಾರೆ" ಅಂದರು ಆಂಟಿ. ಮೂವತ್ತು ವರ್ಷದಲ್ಲಿ ಅವರು ಇದನ್ನು ಯಾವ ಡಾಕ್ಟರಿಗೂ ಹೇಳಿಲ್ಲ. ಯಾವ ಡಾಕ್ಟರೂ ಕೇಳಿಲ್ಲ.

ಹಾಗಾದರೆ ನಾವೇನು ಮಾಡೋಣ?

ಅಂಕಲ್ ಮರೆವಿಗೆ ಹೊಗೆಯೇ ಕಾರಣ ಅಂತ ನಾನು ಹೇಳುವುದಿಲ್ಲ. ಹೇಳಲೂ ಬಾರದು. ಆದರೆ "ವಯಸ್ಸಾಯ್ತಲ್ಲ, ಮರೀತಾರೆ ಬಿಡಿ" ಅನ್ನುವ ಮಾತನ್ನು ಮೊದಲು ಬಿಡಬೇಕು. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕಾಡುವುದು, ಸಿನಿಮಾ ನಟನ ಹೆಸರು ನಾಲಿಗೆ ತುದಿಯಲ್ಲಿ ನಿಲ್ಲುವುದು ಎಲ್ಲರಿಗೂ ಇದ್ದದ್ದೇ. ದಿನಾ ನಡೆಯುವ ದಾರಿ ತಪ್ಪುವುದು, ಒಂದೇ ಪ್ರಶ್ನೆಯನ್ನು ಹತ್ತು ನಿಮಿಷದಲ್ಲಿ ನಾಲ್ಕು ಸಲ ಕೇಳುವುದು, ಲೆಕ್ಕದಲ್ಲಿ ಪಕ್ಕಾ ಇದ್ದವರು ಕರೆಂಟ್ ಬಿಲ್ ಎರಡೆರಡು ಸಲ ಕಟ್ಟುವುದು, ಸಾಧುವಾಗಿದ್ದವರು ಇದ್ದಕ್ಕಿದ್ದಂತೆ ಅನುಮಾನದ ಮನುಷ್ಯರಾಗುವುದು ಹಾಗಲ್ಲ. ಇವು ಕಂಡರೆ, ಅದರಲ್ಲೂ 65ಕ್ಕೆ ಮುಂಚೆ ಕಂಡರೆ, ತಡ ಮಾಡದೆ ನರರೋಗ ತಜ್ಞರ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮರೆವಿನ ಕಾಯಿಲೆಗಳ ತಪಾಸಣೆ ಇದೆ. ಜಿಲ್ಲಾ ಆಸ್ಪತ್ರೆಯ ಡಾಕ್ಟರ ಹತ್ತಿರ ಶುರು ಮಾಡಿದರೂ ಅಡ್ಡಿಯಿಲ್ಲ.

ಹೆದರಿ ಕೂರಬೇಡಿ. ಮರೆವೆಲ್ಲ ಆಲ್ಝೈಮರ್ ಅಲ್ಲ. ವಿಟಮಿನ್ ಬಿ12 ಕಡಿಮೆಯಾದರೂ ಮರೆವು ಬರುತ್ತದೆ. ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಇದು ಬಹಳ ಸಾಮಾನ್ಯ. ಥೈರಾಯ್ಡ್ ಏರುಪೇರಾದರೂ ಬರುತ್ತದೆ. ಖಿನ್ನತೆ ಇದ್ದರೂ ಅಷ್ಟೇ. ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟುವವರಿದ್ದಾರಲ್ಲ, ಸ್ಲೀಪ್ ಆಪ್ನಿಯಾ ಅನ್ನುತ್ತಾರೆ, ಅವರಿಗೆ ಮೆದುಳಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಕೆಲವು ನಿದ್ದೆ ಮಾತ್ರೆಗಳಿಂದಲೂ ತಲೆ ಮಂಕಾಗುತ್ತದೆ. ಇವೆಲ್ಲ ಒಂದಿಷ್ಟು ರಕ್ತಪರೀಕ್ಷೆ, ವಿಚಾರಣೆಯಿಂದ ಗೊತ್ತಾಗುತ್ತವೆ, ಬಹುಪಾಲು ಸರಿಯೂ ಹೋಗುತ್ತವೆ.

ಡಾಕ್ಟರ ಹತ್ತಿರ ಹೋಗುವಾಗ ಒಂದು ಕೆಲಸ ಮಾಡಿ, ಇದನ್ನು ಮಾಡುವವರು ಕಡಿಮೆ. ಮನೆಯವರ ಕೆಲಸದ ಚರಿತ್ರೆ ಬರೆದುಕೊಂಡು ಹೋಗಿ. ಶುಗರ್, ಬಿಪಿ ಎಲ್ಲರೂ ಹೇಳುತ್ತಾರೆ. ಎಷ್ಟು ವರ್ಷ ಯಾವ ಧೂಳು, ಯಾವ ಹೊಗೆಯಲ್ಲಿ ಇದ್ದರು, ಮೂಗಿಗೆ ಏನು ಕಟ್ಟಿಕೊಳ್ಳುತ್ತಿದ್ದರು, ತಲೆಗೆ ಪೆಟ್ಟು ಬಿದ್ದಿತ್ತೇ, ಎಚ್ಚರ ತಪ್ಪಿ ಬಿದ್ದದ್ದುಂಟೇ, ರಾತ್ರಿ ಕನಸಿಗೆ ಬೆಚ್ಚುತ್ತಾರೆಯೇ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಇದು ಬೆಂಕಿ ಆರಿಸುವವರಿಗೆ ಮಾತ್ರ ಅಲ್ಲ. ವೆಲ್ಡಿಂಗ್, ಪೇಂಟಿಂಗ್, ಕಲ್ಲು ಒಡೆಯುವುದು, ಬ್ಯಾಟರಿ ಕೆಲಸ ಮಾಡಿದವರಿಗೂ ಅನ್ವಯಿಸುತ್ತದೆ. ಸತ್ಯ ಹೇಳಬೇಕೆಂದರೆ ಈ ಚರಿತ್ರೆ ಗಂಡಸರಿಗೆ ಅಷ್ಟಾಗಿ ನೆನಪಿರುವುದಿಲ್ಲ. ಬಟ್ಟೆ ಒಗೆದವರಿಗೆ ನೆನಪಿರುತ್ತದೆ. ಅವತ್ತು ಯಾವ ವಾಸನೆ ಬರುತ್ತಿತ್ತು, ಬಕೆಟ್ಟಿನ ನೀರು ಯಾವ ಬಣ್ಣಕ್ಕೆ ತಿರುಗಿತು ಅಂತ ಹೇಳಬಲ್ಲವರು ನೀವೇ.

ನಮ್ಮ ಮನೆಯೊಳಗಿನ ಧೂಳಿನ ಬಗ್ಗೆಯೂ ಎರಡು ಮಾತು. ಗೋಡೆ ಒಡೆಸುವುದು, ಟೈಲ್ಸ್ ಕಿತ್ತು ಹೊಸದು ಹಾಕಿಸುವುದು ಈಗ ಎಲ್ಲ ಬೀದಿಯಲ್ಲೂ ನಡೆಯುತ್ತದೆ. ನ್ಯೂಯಾರ್ಕಿನ ರಾಶಿಗೂ ಇದಕ್ಕೂ ಹೋಲಿಕೆಯೇ ಇಲ್ಲ, ಗಾಬರಿ ಬೇಡ. ಆದರೂ ಹಳೆಯ ಕಲ್ನಾರು ಶೀಟಿನ ಮಾಡು ಒಡೆಸುವಾಗ ನೀರು ಚಿಮುಕಿಸಿಕೊಂಡೇ ತೆಗೆಸಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಮಿತಿಗೊಳಿಸುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಉಪ್ಪುಕಾಗದದಲ್ಲಿ ಒಣ ಒಣ ಉಜ್ಜಿಸಬೇಡಿ. ಕೆಲಸದವರಿಗೂ ನಿಮಗೂ ಎನ್95 ಮಾಸ್ಕ್ ತರಿಸಿ. ಸೀರೆ ಸೆರಗು, ಕರ್ಚೀಫು ಸಣ್ಣ ಕಣವನ್ನು ತಡೆಯುವುದಿಲ್ಲ. ಒಣ ಪೊರಕೆ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಧೂಳಿನ ಕೆಲಸದಿಂದ ಬಂದವರ ಬಟ್ಟೆಯನ್ನು ಬಾಗಿಲಲ್ಲಿ ಕೊಡವದೆ ನೇರ ನೀರಿಗೆ ಹಾಕಿ, ಮಕ್ಕಳ ಬಟ್ಟೆ ಜೊತೆ ಸೇರಿಸಬೇಡಿ.

ಹಾನಿ ಆಗಿಹೋಗಿದೆ, ಇನ್ನೇನು ಮಾಡುವುದು ಅನ್ನುವವರಿಗೂ ದಾರಿ ಇದೆ. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ, ಡಿಮೆನ್ಷಿಯಾಕ್ಕೆ ದಾರಿ ಮಾಡುವ, ಆದರೆ ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಅದರಲ್ಲಿ ವಾಯುಮಾಲಿನ್ಯ, ತಲೆಪೆಟ್ಟು ಇವೆ. ಜೊತೆಗೆ ಬಿಪಿ, ಶುಗರ್, ಕೊಲೆಸ್ಟ್ರಾಲ್, ಸಿಗರೇಟು, ಕುಡಿತ, ಖಿನ್ನತೆ, ಕಿವಿ ಕೇಳದಿರುವುದು, ಕಣ್ಣು ಮಂಜಾಗುವುದು, ಒಂಟಿತನವೂ ಇವೆ. ಇವನ್ನೆಲ್ಲ ನಿಭಾಯಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅವರ ಅಂದಾಜು. ಹಿಂದೆ ಕುಡಿದ ಹೊಗೆಯನ್ನು ವಾಪಸ್ ತೆಗೆಯಲಾಗದು, ನಿಜ. ಕಿವಿಗೆ ಯಂತ್ರ ಹಾಕಿಸಬಹುದು, ಕಣ್ಣಿನ ಪೊರೆ ತೆಗೆಸಬಹುದು, ಸಂಜೆ ನಾಲ್ಕು ಜನರ ಜೊತೆ ಪಾರ್ಕಿನಲ್ಲಿ ಕೂರಿಸಬಹುದು.

ಆಂಟಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಮನೆಗೆ ಹೋದರು. ಮೊಸರಿನ ಬಟ್ಟಲು ಟಿವಿ ಪಕ್ಕದಲ್ಲೇ ಮರೆತಿದ್ದರು! ವಾಪಸ್ ಕೊಡಲು ಹೋದಾಗ ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಂದೆ ಪೆನ್ನು ಹಿಡಿದು ಬರೆಯುತ್ತಾ ಕೂತಿದ್ದರು. ಪಕ್ಕದಲ್ಲಿ ಅಂಕಲ್.

"ಟೈರ್ ಅಂಗಡಿ ಬೆಂಕಿ ಯಾವ ವರ್ಷ ರೀ?"

"ನಮ್ಮ ದೊಡ್ಡವಳು ಏಳನೇ ಕ್ಲಾಸಲ್ಲಿದ್ದಾಗ."

"ಮೂಗಿಗೆ ಏನು ಕಟ್ಕೊಂಡಿದ್ರಿ?"

ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒದ್ದೆ ಟವೆಲ್" ಅಂದರು. "ನೀನೇ ಕಳಿಸಿದ್ದೆಯಲ್ಲ, ಕೆಂಪು ಅಂಚಿಂದು."